ಸಮಾಧಿ ಕಲ್ಲಿಗೆ ಹೀಬ್ರೂ ಅಕ್ಷರ ಕೆತ್ತಿಸಿದ್ದು: ಹೊಸೂರು ರಸ್ತೆಯ ಒಂದು ಕಲ್ಲಿನ ಅಂಗಡಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಟ್ ಮಾಡಿದ ಒಂದು ಸ್ಟಾರ್‌ನಲ್ಲಿ ಅರ್ಧ ಅಂಗಡಿಯ ಕಂಪ್ಯೂಟರ್‌ಗೆ, ಇನ್ನರ್ಧ ಟೆಂಪೋದವನಿಗೆ. ಅಂಗಡಿ ಹೆಸರು ಹಾಕುತ್ತಿಲ್ಲ. ಅವರು ಮಾಡಿದ ತಪ್ಪುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ, ಆಮೇಲೆ ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗಬಾರದು. ಹೊಸೂರು ರಸ್ತೆಯ ಕ್ರಿಶ್ಚಿಯನ್ ಸ್ಮಶಾನದ ಕಡೆ ಹೋದರೆ ಶಿಲುಬೆ, ದೇವದೂತ, ತೆರೆದ ಪುಸ್ತಕ ಎಲ್ಲ ಹೊರಗೆ ಜೋಡಿಸಿಟ್ಟ ಅಂಗಡಿ ಕಾಣುತ್ತದಲ್ಲ, ಅಂಥದ್ದೊಂದು.

ಕಲ್ಲು ಯಾರಿಗೆ ಅಂತ ಹೇಳಬೇಕು, ಇಲ್ಲದಿದ್ದರೆ ಇಷ್ಟುದ್ದ ಯಾಕೆ ಬರೆದೆ ಅಂತ ಗೊತ್ತಾಗೋದಿಲ್ಲ. ವಿಲ್ಸನ್ ಗಾರ್ಡನ್‌ನ ನಮ್ಮ ಮನೆ ಮಹಡಿಯಲ್ಲಿ ಒಬ್ಬ ಆಂಟಿ ಬಾಡಿಗೆಗಿದ್ದರು. ನಾನು ಹುಟ್ಟುವ ಮುಂಚೆಯಿಂದ ಇದ್ದವರು. ಹೆರಿಗೆ ವಾರ್ಡಿನಲ್ಲಿ ನರ್ಸ್. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅಮ್ಮ ಅಲ್ಲ, ಅವರು. ಮನೆಮಾತು ಮರಾಠಿ, ಅಡ್ಡಹೆಸರು 'ಕರ್' ಅಂತ ಮುಗಿಯುತ್ತಿತ್ತು, ಹಾಗಾಗಿ ಬೀದಿಯಲ್ಲಿ ಎಲ್ಲರೂ ಅವರನ್ನು ಪುಣೆ ಕಡೆ ಬ್ರಾಹ್ಮಣರು ಅಂದುಕೊಂಡಿದ್ದರು. ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು, ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ಏನೋ ಶನಿದೇವರ ವ್ರತ ಇರಬೇಕು ಅಂತ ಅಜ್ಜಿ ಕೊನೆವರೆಗೂ ನಂಬಿದ್ದರು. ಆಂಟಿ ಬೆನೆ ಇಸ್ರೇಲ್ ಯಹೂದಿ.

ಅವರೇ ಹೇಳುತ್ತಿದ್ದ ಕಥೆ: ಎಷ್ಟೋ ಶತಮಾನಗಳ ಹಿಂದೆ ಕೊಂಕಣದ ನವಗಾಂವ್ ಹತ್ತಿರ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರಂತೆ. ಅಲ್ಲೇ ಹಳ್ಳಿಗಳಲ್ಲಿ ನೆಲೆಸಿ ಎಣ್ಣೆ ಗಾಣ ಆಡಿಸಿದರು, ಶನಿವಾರ ಮಾತ್ರ ಗಾಣ ಬಂದ್. ಅದಕ್ಕೇ ಊರವರು 'ಶನಿವಾರ ತೇಲಿ' ಅಂತ ಕರೆದರು, ಶನಿವಾರದ ಗಾಣಿಗರು ಅಂತ. ಮನೆಗೆ ಒಳ್ಳೆಯದೇನಾದರೂ ಆದರೆ ಆಂಟಿ ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ 'ಮಲಿದಾ' ಮಾಡುತ್ತಿದ್ದರು: ನೆನೆಸಿದ ಅವಲಕ್ಕಿ, ಕಾಯಿತುರಿ, ಸಿಹಿ, ಏಲಕ್ಕಿ, ದ್ರಾಕ್ಷಿ. ಇದು ನಮ್ಮ ಸಿಹಿ ಅವಲಕ್ಕಿನೇ ಅಲ್ವಾ ಅಂತ ಅಮ್ಮ ಪ್ರತಿ ಸಲ ಕೇಳುತ್ತಿದ್ದರು. ಅಲ್ಲ ಅಂತ ಆಂಟಿ ಪ್ರತಿ ಸಲ ಜಗಳಕ್ಕೆ ಬರುತ್ತಿದ್ದರು.

2024ರಲ್ಲಿ ಹೋಗಿಬಿಟ್ಟರು. ಮೈಸೂರು ರಸ್ತೆಯ ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಬೆಂಗಳೂರಿನಲ್ಲಿ ಅಂಥದ್ದೊಂದು ಜಾಗ ಇದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. 1904ರಷ್ಟು ಹಳೆಯದು, ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ದೊಡ್ಡ ಚಪ್ಪಲಿ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಕುಟುಂಬದ ಹೆಸರು ಈ ಜಾಗದ ಜೊತೆ ಸೇರಿಕೊಂಡಿದೆ. ಐವತ್ತರ ಆಸುಪಾಸು ಸಮಾಧಿಗಳು, ಅಷ್ಟೇ. ಒಂದು ಸುತ್ತು ಹಾಕಿದರೆ ಎಲ್ಲರ ಹೆಸರೂ ಓದಿ ಮುಗಿಸಬಹುದು. ಅದೇ ಅಲ್ಲಿನ ವಿಚಿತ್ರ: ಇಷ್ಟು ದೊಡ್ಡ ಊರಿನಲ್ಲಿ ಇಷ್ಟು ಕಡಿಮೆ ಜನ, ಪ್ರತಿ ಕಲ್ಲೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ನುಗ್ಗುವ ಹಾಗಿಲ್ಲ, ಮೊದಲೇ ಕೇಳಿಕೊಂಡು ಹೋಗಬೇಕು.

ಆಂಟಿಯ ಮಗಳು ಇಸ್ರೇಲ್‌ನಲ್ಲಿದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಅಂತಲೇ ಕರೆಯೋದು. ವರ್ಷ ತುಂಬುವುದರೊಳಗೆ ಕಲ್ಲು ಇಡಬೇಕು, ನೀನೇ ನೋಡ್ಕೋ ಅಂದರು. ಕಲ್ಲಿನ ಮೇಲಿನ ಸಾಲುಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಮೂರು ಭಾಷೆ: ಮೇಲೆ ಹೀಬ್ರೂ, ಆಮೇಲೆ ಇಂಗ್ಲಿಷ್, ಕೆಳಗೆ ಒಂದೇ ಸಾಲು ಕನ್ನಡ. ಕನ್ನಡ ಸಾಲು ನೀನೇ ಬರಿ ಅಂದರು. ನಾಲ್ಕು ದಿನ ತಲೆ ಕೆಡಿಸಿಕೊಂಡು ಬರೆದಿದ್ದು ಇದು: 'ಊರಿನ ನೂರಾರು ಮಕ್ಕಳನ್ನು ಮೊದಲು ಎತ್ತಿಕೊಂಡವರು.'

ಇನ್ನು ಅಂಗಡಿ ವಿಷಯ. ಮೂರು ಕಡೆ ವಿಚಾರಿಸಿದೆ. ಒಂದು ಕಡೆ ಹೀಬ್ರೂ ಅಂದ ತಕ್ಷಣ ಆಗಲ್ಲ ಅಂದರು. ಇನ್ನೊಂದು ಕಡೆ ಎಲ್ಲ ಆಗುತ್ತೆ ಅಂದರು, ಸ್ಯಾಂಪಲ್ ತೋರಿಸಿ ಅಂದರೆ ಅರಬ್ಬಿ ತೋರಿಸಿದರು. ಇವರು ಮಾತ್ರ "ಮೇಡಂ, ನಮಗೆ ಓದಕ್ಕೆ ಬರಲ್ಲ, ನೀವು ಕೊಟ್ಟಂಗೆ ಕೆತ್ತುತೀವಿ, ಚೆಕ್ ಮಾಡೋದು ನಿಮ್ ಜವಾಬ್ದಾರಿ" ಅಂದರು. ಆ ಪ್ರಾಮಾಣಿಕತೆಗೇ ಅಡ್ವಾನ್ಸ್ ಕೊಟ್ಟೆ.

ಕಲ್ಲು ಆರಿಸುವುದರಲ್ಲಿ ಮಾಲೀಕರು ತುಂಬಾ ಸಹಾಯ ಮಾಡಿದರು. ನನಗೆ ಸಾದರಹಳ್ಳಿಯ ಬೂದು ಕಲ್ಲು ಇಷ್ಟ, ನಮ್ಮ ಊರಿನ ಕಲ್ಲು. ಮಲಗಿಸುವ ಚಪ್ಪಡಿಗೆ ಅದೇ ಇರಲಿ, ಅಕ್ಷರಕ್ಕೆ ಮಾತ್ರ ಕಪ್ಪು ಗ್ರಾನೈಟ್ ಹಾಕಿ ಅಂತ ಅವರು ಹೇಳಿದರು. ಬೂದು ಕಲ್ಲಿನಲ್ಲಿ ಅಕ್ಷರ ಕಾಣಬೇಕಾದರೆ ಬಣ್ಣ ತುಂಬಬೇಕು, ಬಣ್ಣ ಬಿಸಿಲು ಮಳೆಗೆ ಎರಡು ಮೂರು ವರ್ಷದಲ್ಲಿ ಏಳುತ್ತದೆ. ಪಾಲಿಶ್ ಮಾಡಿದ ಕಪ್ಪು ಕಲ್ಲಿನಲ್ಲಿ ಕೆತ್ತಿದ ಜಾಗ ತಾನಾಗೇ ಬಿಳಿಚಿಕೊಂಡು ಕಾಣುತ್ತದೆ, ಬಣ್ಣವೇ ಬೇಡ. ಜಾಸ್ತಿ ದುಡ್ಡಿನ ಮಾಲು ತಲೆಗೆ ಕಟ್ಟಬಹುದಿತ್ತು, ಕಟ್ಟಲಿಲ್ಲ. ಎರಡು ಕಲ್ಲು, ಅಕ್ಷರ, ಕೂರಿಸುವ ಕೂಲಿ ಎಲ್ಲ ಸೇರಿ 28,000 ರೂಪಾಯಿ. ಟೆಂಪೋ ಬೇರೆ.

ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ. ಇಲ್ಲಿ ಸ್ವಲ್ಪ ಕಿತ್ತಾಟ ಆಯಿತು. 'ಮಕ್ಕಳನ್ನು' ಅನ್ನುವುದರಲ್ಲಿ ಎರಡು ಒತ್ತಕ್ಷರ ಇದೆ, ಅದಕ್ಕೆ ಬೇರೆ ಚಾರ್ಜ್ ಅಂದರು. ಒತ್ತಕ್ಷರಕ್ಕೆ ದುಡ್ಡು ಕೇಳಿದರೆ ಕನ್ನಡದವರು ಸತ್ತಮೇಲೂ ಸಾಲ ಮಾಡಬೇಕಾಗುತ್ತೆ ಅಂದೆ. ನಕ್ಕು ಬಿಟ್ಟುಕೊಟ್ಟರು. ಹೀಬ್ರೂ ಈ ವಿಷಯದಲ್ಲಿ ಬಲು ಉಳಿತಾಯ. ಕಲ್ಲಿನ ಮೇಲ್ತುದಿಯಲ್ಲಿ ಪೇ, ನೂನ್ ಅಂತ ಎರಡಕ್ಷರ ಬರೆದರೆ 'ಇಲ್ಲಿ ಮಣ್ಣಾಗಿದ್ದಾರೆ' ಅಂತ. ಕೊನೆಯಲ್ಲಿ ತಾವ್, ನೂನ್, ತ್ಸಾದಿ, ಬೇತ್, ಹೇ ಅಂತ ಐದಕ್ಷರ, ಅದು ಒಂದು ಪೂರ್ತಿ ಪ್ರಾರ್ಥನೆ: ಅವರ ಜೀವ ಬದುಕಿನ ಗಂಟಿನಲ್ಲಿ ಸೇರಿಕೊಂಡಿರಲಿ. ಬೈಬಲ್ಲಿನ ಸಮುವೇಲನ ಮೊದಲ ಪುಸ್ತಕದಲ್ಲಿ ಅಬಿಗೈಲಳು ದಾವೀದನಿಗೆ ಹೇಳುವ ಮಾತಿನಿಂದ ಬಂದಿದ್ದು ಅಂತ ಅಕ್ಕ ಹೇಳಿದರು.

ತಾರೀಕಿನ ವಿಷಯ ಇನ್ನೂ ಮಜಾ. ಆಂಟಿ ಹೋಗಿದ್ದು ರಾತ್ರಿ ಏಳೂವರೆಗೆ. ಯಹೂದಿ ಲೆಕ್ಕದಲ್ಲಿ ದಿನ ಶುರುವಾಗುವುದು ಹಿಂದಿನ ಸಂಜೆ ಸೂರ್ಯ ಮುಳುಗಿದಾಗ, ಹಾಗಾಗಿ ಆಸ್ಪತ್ರೆ ಕಾಗದದ ತಾರೀಕು ಒಂದು, ಕಲ್ಲಿನ ಹೀಬ್ರೂ ತಾರೀಕು ಅದರ ಮರುದಿನದ್ದು. ಪ್ರತಿ ವರ್ಷ ನೆನಪಿನ ದಿನ ಮಾಡುವುದೂ ಆ ಲೆಕ್ಕದಲ್ಲೇ, ನಮ್ಮ ತಿಥಿಯ ಹಾಗೆ, ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ಹಿಂದೆ ಮುಂದೆ ಆಗುತ್ತಿರುತ್ತದೆ. ಅವರಲ್ಲೂ ಅಧಿಕ ಮಾಸ ಇದೆ, 19 ವರ್ಷಕ್ಕೆ 7. ವರ್ಷವನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುತ್ತಾರೆ. ಅಕ್ಷರಕ್ಕೆ ಅಂಕಿ ಬೆಲೆ ಕೊಡುವ ನಮ್ಮ ಕಟಪಯಾದಿ ಗೊತ್ತಿದ್ದವರಿಗೆ ಆಶ್ಚರ್ಯ ಆಗೋದಿಲ್ಲ. ಆಂಟಿ ಹೋದ ವರ್ಷ ಅವರ ಲೆಕ್ಕದಲ್ಲಿ 5784, ಅಂದರೆ ಐದು ಸಾವಿರ ಬಿಟ್ಟು ತಾವ್ 400, ಶಿನ್ 300, ಪೇ 80, ದಾಲೆತ್ 4. ಈ ದಾಲೆತ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಮೊದಲ ಎಡವಟ್ಟು ಕಂಪ್ಯೂಟರ್‌ನದ್ದು. ಅಕ್ಕ ಕಳಿಸಿದ್ದನ್ನು ಅಂಗಡಿಯ ಹುಡುಗ ಡಿಸೈನ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿದ. ಹೀಬ್ರೂ ಬಲದಿಂದ ಎಡಕ್ಕೆ ಹೋಗುವ ಲಿಪಿ, ಆ ಹಳೆಯ ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ, ಎಲ್ಲವನ್ನೂ ಎಡದಿಂದ ಜೋಡಿಸಿತು. ಪ್ರೂಫ್ ನೋಡಿದರೆ ಅಕ್ಷರಗಳೆಲ್ಲ ಅವೇ, ನನಗೆ ಚೆನ್ನಾಗೇ ಕಂಡಿತು. ಅಕ್ಕನಿಗೆ ಫೋಟೋ ಕಳಿಸಿದೆ, ಒಂದೇ ನಿಮಿಷಕ್ಕೆ ಫೋನ್. "ಏ, ಅಮ್ಮನ್ ಹೆಸ್ರು ಹಿಂದ್‌ಮುಂದಾಗಿದೆ ಕಣೇ." ಕನ್ನಡವನ್ನು ಯೂನಿಕೋಡ್‌ನಿಂದ ಹಳೇ ಡಿಟಿಪಿಗೆ ಹಾಕಿದಾಗ ಒತ್ತು, ದೀರ್ಘ ಎಲ್ಲ ಚೆಲ್ಲಾಪಿಲ್ಲಿ ಆಗುವುದನ್ನು ಲಗ್ನಪತ್ರಿಕೆ ಮಾಡಿಸಿದವರೆಲ್ಲ ನೋಡಿರುತ್ತಾರೆ, ಅದೇ ಕಥೆ. ಪರಿಹಾರ ಸುಲಭ: ಅಕ್ಷರ ಟೈಪ್ ಮಾಡಲು ಬಿಡಬೇಡಿ, ಭಾಷೆ ಗೊತ್ತಿರುವವರಿಂದ ಪಿಡಿಎಫ್ ಮಾಡಿಸಿ ಚಿತ್ರದ ಥರ ಕೊಡಿ. ನಾವು ಹಾಗೇ ಮಾಡಿದೆವು.

ಎರಡನೇ ಎಡವಟ್ಟು ಕಲ್ಲಿನ ಮೇಲೇ ಆಯಿತು. ಈಗ ಹೆಚ್ಚಿನ ಕಡೆ ಉಳಿಯಲ್ಲಿ ಕೆತ್ತುವುದಿಲ್ಲ. ರಬ್ಬರ್ ಶೀಟಿನಲ್ಲಿ ಅಕ್ಷರ ಕತ್ತರಿಸಿ ಕಲ್ಲಿಗೆ ಅಂಟಿಸಿ, ಮರಳಿನ ಥರದ ಪುಡಿಯನ್ನು ಜೋರು ಗಾಳಿಯಲ್ಲಿ ಹೊಡೆಯುತ್ತಾರೆ, ತೆರೆದ ಜಾಗ ಮಾತ್ರ ಕೊರೆಯುತ್ತದೆ. ಬೇಗ ಆಗುತ್ತದೆ, ನೀಟಾಗಿರುತ್ತದೆ, ಆದರೆ ಸಣ್ಣ ಮೂಲೆಗಳು ಉಳಿಯುವುದಿಲ್ಲ. ಹೀಬ್ರೂವಿನಲ್ಲಿ ದಾಲೆತ್, ರೇಶ್ ಅಂತ ಎರಡು ಅಕ್ಷರ. ನಮ್ಮ ದ, ಧ ಇದ್ದ ಹಾಗೆ, ಒಂದು ಚೂರಿನ ವ್ಯತ್ಯಾಸ. ದಾಲೆತ್‌ಗೆ ಬಲಗಡೆ ಮೇಲೆ ಚೂಪಾದ ಮೂಲೆ ಹೊರಗೆ ಬಂದಿರುತ್ತದೆ, ರೇಶ್ ಅಲ್ಲಿ ಗುಂಡಗಿರುತ್ತದೆ. ಕೆತ್ತಿ ಮುಗಿದ ಕಲ್ಲಿನ ಫೋಟೋ ನೋಡಿ ಅಕ್ಕ ಈ ಸಲ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಂಟಿಯ ಅಪ್ಪನ ಹೆಸರಿನಲ್ಲಿ ಎರಡು ದಾಲೆತ್, ಎರಡೂ ರೇಶ್ ಆಗಿದ್ದವು. ವರ್ಷದ ಕೊನೆಯಲ್ಲಿದ್ದ ದಾಲೆತ್ ಕೂಡ. ರೇಶ್ ಅಂದರೆ 200. ಲೆಕ್ಕ ಹಾಕಿದರೆ 5980 ಬರುತ್ತದೆ, ಅಂದರೆ ಆಂಟಿ ಇನ್ನೂ 196 ವರ್ಷ ಬಿಟ್ಟು ಹೋಗಬೇಕಾಗಿತ್ತು. ಹೋಗಿದ್ದರೆ ಚೆನ್ನಾಗಿತ್ತು ಅಂತ ಅಕ್ಕ ನಕ್ಕರು, ಆಮೇಲೆ ಅತ್ತರು.

ನಾನು ಅಂಗಡಿಗೆ ಹೋಗಿ ಕೂಗಾಡಿದೆ, ಸುಳ್ಳು ಹೇಳುವುದಿಲ್ಲ. ಮಾಲೀಕರು ನೀವೇ ಓಕೆ ಮಾಡಿದ ಪಿಡಿಎಫ್ ಅಂದರು. ಪಿಡಿಎಫ್‌ನಲ್ಲಿ ಮೂಲೆ ಇದೆ, ಕಲ್ಲಿನಲ್ಲಿ ಇಲ್ಲ ಅಂದೆ. ಅಷ್ಟರಲ್ಲಿ ಹಿಂದೆ ಕೂತಿದ್ದ ಮೇಸ್ತ್ರಿ ಎದ್ದು ಬಂದರು. ವಯಸ್ಸಾದವರು, ಅಂಗಡಿಯಲ್ಲಿ ಇನ್ನೂ ಉಳಿ ಹಿಡಿಯುವುದು ಅವರೊಬ್ಬರೇ ಅಂತೆ. ನನ್ನ ಫೋನ್ ಇಸ್ಕೊಂಡು ಪಿಡಿಎಫ್ ದೊಡ್ಡದು ಮಾಡಿ ನೋಡಿದರು, ಕಲ್ಲು ನೋಡಿದರು, ಬೆರಳಿನಲ್ಲಿ ಸವರಿದರು. "ಕಡಿಮೆ ಕೆತ್ತಿರೋದು ಕಣಮ್ಮ, ಜಾಸ್ತಿ ಅಲ್ಲ. ಜಾಸ್ತಿ ಆಗಿದ್ರೆ ಕಲ್ಲೇ ಹೋಗ್ತಿತ್ತು." ನಿಜ. ದಾಲೆತ್ ಇದ್ದದ್ದು ರೇಶ್ ಆದರೆ ಒಂದು ಮೂಲೆ ತೆಗೆದರೆ ಸಾಕು. ಉಲ್ಟಾ ಆಗಿದ್ದರೆ ತುಂಬಲು ದಾರಿಯೇ ಇಲ್ಲ, ಪೂರ್ತಿ ಉಜ್ಜಿ ಮತ್ತೆ ಪಾಲಿಶ್ ಮಾಡಿ ಮೊದಲಿಂದ ಶುರು ಮಾಡಬೇಕು.

ಸಣ್ಣ ಉಳಿ ತಗೊಂಡು ಕೂತರು. ಮೂರು ಅಕ್ಷರ, ಒಂದೊಂದಕ್ಕೂ ಅಕ್ಕಿಕಾಳಿನಷ್ಟು. ಟಿಕ್ ಟಿಕ್ ಅಂತ ಹೊಡೆದು, ಊದಿ, ಮತ್ತೆ ಫೋನ್ ನೋಡಿ, ಮತ್ತೆ ಹೊಡೆದು. ಹತ್ತು ನಿಮಿಷ ಇರಬಹುದು. ನಾನು ವಿಡಿಯೋ ಕಾಲ್ ಹಚ್ಚಿ ಹಿಡಿದುಕೊಂಡಿದ್ದೆ, ಅಲ್ಲಿ ಅಕ್ಕ 'ಇನ್ನು ಸಾಕು, ಸಾಕು' ಅಂದಾಗ ನಿಲ್ಲಿಸಿದರು. ಇದಕ್ಕೆ ದುಡ್ಡು ತಗೊಳ್ಳಲಿಲ್ಲ. ಯಾವ ಭಾಷೆ ಅಂತ ಕೇಳಿದರು, ಹೇಳಿದೆ. ಹೆಸರು ಓದಿ ಹೇಳಿ ಅಂದರು. ಅಕ್ಕ ಫೋನಿನಲ್ಲೇ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಹೇಳುತ್ತಾ ಹೋದರು, ಅವರು ಬೆರಳು ಇಟ್ಟುಕೊಂಡು ಹೋದರು. ನಾಲ್ಕು ಸ್ಟಾರ್‌ನಲ್ಲಿ ಮೂರು ಆ ಹತ್ತು ನಿಮಿಷಕ್ಕೆ.

ಕೂರಿಸುವ ದಿನದ ಬಗ್ಗೆ ಜಾಸ್ತಿ ಬರೆಯೋದಿಲ್ಲ, ಬಿಪಿ ಏರುತ್ತದೆ. ಶನಿವಾರ ಅಂದರು, ಶನಿವಾರ ಆಗಲ್ಲ ಅಂತ ಭಾನುವಾರ ಮಾಡಿಸಿದೆ. ಎಂಟಕ್ಕೆ ಬರಬೇಕಾದ ಟೆಂಪೋ ಹನ್ನೊಂದಕ್ಕೆ ಬಂತು, ಮಾರ್ಕೆಟ್ ಹತ್ತಿರ ಸಿಕ್ಕಿಹಾಕಿಕೊಂಡೆ ಅಂತ. ಬಾಡಿಗೆ 2,500 ಅಂತ ಮಾತಾಡಿದ್ದು, ಇಳಿಸಿದ ಮೇಲೆ 3,500 ಕೇಳಿದ. ಕೆಲಸದವರು ರಸಮಟ್ಟ ತಂದಿರಲಿಲ್ಲ, ನೀರಿನ ಬಾಟಲಿ ಅಡ್ಡ ಇಟ್ಟು ಮಟ್ಟ ನೋಡಿದರು. ಕಲ್ಲು ಮಾತ್ರ ನೇರವಾಗೇ ಕೂತಿದೆ, ಒಂದು ಮಳೆಗಾಲ ಕಳೆದಿದೆ, ಅಲ್ಲಾಡಿಲ್ಲ.

ತೀರಿಹೋದವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ಅವರ ಸಂಪ್ರದಾಯದಲ್ಲಿ ಹತ್ತು ಜನ ಯಹೂದಿ ಗಂಡಸರು ಬೇಕು. ಅಷ್ಟು ಜನ ಎಲ್ಲಿಂದ ತರೋದು? ಹಾಗಾಗಿ ಅಕ್ಕ ಫೋನಿನಲ್ಲಿ ಬೈಬಲ್ಲಿನ 119ನೇ ಕೀರ್ತನೆಯಿಂದ ಓದಿದರು. ಅದು ಹೀಬ್ರೂವಿನ 22 ಅಕ್ಷರಕ್ಕೆ ಎಂಟೆಂಟರಂತೆ 176 ವಚನ ಇರುವ ಕೀರ್ತನೆ, ತೀರಿಹೋದವರ ಹೆಸರಿನ ಅಕ್ಷರಗಳನ್ನು ಆರಿಸಿ ಆ ವಚನಗಳನ್ನು ಓದುತ್ತಾರೆ. ಹೂ ಇಡುವ ರೂಢಿ ಇಲ್ಲ, ಸಣ್ಣ ಕಲ್ಲು ಇಡುತ್ತಾರೆ. ಅಮ್ಮ ಹೂ ತಂದಿದ್ದರು, ಚೀಲದಲ್ಲೇ ವಾಪಸ್ ತಂದರು. ಬರುವಾಗ ಕೈ ತೊಳೆದೆವು, ಅದನ್ನು ಮಾತ್ರ ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಒಟ್ಟಿನಲ್ಲಿ ಹೋಗಬಹುದು. ಕನ್ನಡ, ಇಂಗ್ಲಿಷ್ ಆದರೆ ಕಣ್ಣು ಮುಚ್ಚಿ ಕೊಡಿ. ಬೇರೆ ಲಿಪಿ ಆದರೆ ಪಿಡಿಎಫ್ ಕೊಡಿ, ರಬ್ಬರ್ ಶೀಟ್ ಅಂಟಿಸಿದ ಮೇಲೆ, ಹೊಡೆಯುವ ಮುಂಚೆ, ಒಂದು ಫೋಟೋ ತೆಗೆದು ಓದಲು ಬರುವವರಿಗೆ ಕಳಿಸಿ. ಟೆಂಪೋ ನೀವೇ ಮಾಡಿಕೊಳ್ಳಿ. ಮೇಸ್ತ್ರಿ ಇದ್ದಾರಾ ಅಂತ ಕೇಳಿಕೊಂಡು ಹೋಗಿ, ಮಧ್ಯಾಹ್ನ ಊಟಕ್ಕೆ ಹೋದರೆ ನಾಲ್ಕರವರೆಗೆ ಬರೋದಿಲ್ಲ.

ಬಿಲ್ ಕೇಳಿದರೆ ಕೊಡುತ್ತಾರೆ. ನನ್ನ ಬಿಲ್ಲಿನಲ್ಲಿ ಇಂಗ್ಲಿಷ್ ಇಷ್ಟು, ಕನ್ನಡ ಇಷ್ಟು ಅಂತ ಲೆಕ್ಕ ಸರಿಯಾಗೇ ಇತ್ತು, ಹೀಬ್ರೂ ಅಂತ ಇರಬೇಕಾದ ಕಡೆ 'ಮರಾಠಿ' ಅಂತ ಬರೆದಿದ್ದರು. ಅಕ್ಕನಿಗೆ ಫೋಟೋ ಕಳಿಸಿದೆ. ಇರ್ಲಿ ಬಿಡು, ಅದನ್ನ ತಿದ್ದಿಸ್ಬೇಡ ಅಂದರು.