ಕರೆಂಟ್ ಹೋದರೂ ಲೆಕ್ಕ ಹೋಗಲ್ಲ: ಜಾಬ್‌ಲಿಬ್ ಮೆಮೊರಿ ಬಳಸಿ ನೋಡಿದೆ

ತೀರ್ಥಹಳ್ಳಿಯ ಮನೆಯಲ್ಲಿ ಕೂತು ಪೈಥಾನ್‌ನಲ್ಲಿ ಮಳೆ ಲೆಕ್ಕ ಮಾಡುತ್ತೇನೆ. ಆಗುಂಬೆ, ಹುಲಿಕಲ್, ಹೊಸನಗರದ ಕಡೆಯ ಅಂಕಿ ಹಿಡಿದು, ಮಳೆ ಮಾಪನ ಇಲ್ಲದ ಜಾಗದಲ್ಲಿ ಎಷ್ಟು ಬಿದ್ದಿರಬಹುದು ಅಂತ ಅಂದಾಜು. ಅದಕ್ಕೆ 5000 ಜಾಗಗಳ ನಡುವಿನ ದೂರದಿಂದ ಒಂದು ಮ್ಯಾಟ್ರಿಕ್ಸ್ (ಅಂಕಿಗಳ ಚೌಕ) ಕಟ್ಟಿ ಅದರ ಐಗನ್ ಲೆಕ್ಕ, ಅಂದರೆ ಮ್ಯಾಟ್ರಿಕ್ಸ್‌ನ ಗುಣ ಹೇಳುವ ವಿಶೇಷ ಅಂಕಿಗಳನ್ನು ಹುಡುಕುವ ಕೆಲಸ, ಮಾಡಬೇಕು. ನನ್ನ ಹಳೇ ಲ್ಯಾಪ್‌ಟಾಪ್ ಇದೊಂದಕ್ಕೇ ಮೂರು ನಿಮಿಷ ತಿನ್ನುತ್ತದೆ. ಜಾಗ ಎರಡು ಪಟ್ಟಾದರೆ ಕೆಲಸ ಎಂಟು ಪಟ್ಟು. ಮಳೆ ದಿನಾ ಬದಲಾಗುತ್ತದೆ, ಆದರೆ ಆಗುಂಬೆಗೂ ಹೊಸನಗರಕ್ಕೂ ಇರುವ ದೂರ ಬದಲಾಗಲ್ಲ ಅಲ್ವಾ? ಮತ್ಯಾಕೆ ದಿನಾ ಅದೇ ಲೆಕ್ಕ?

ಮೊದಲು ಪೈಥಾನ್ ಜೊತೆಗೇ ಬರುವ ಎಲ್‌ಆರ್‌ಯು ಕ್ಯಾಶ್ ಹಾಕಿದೆ, ಒಮ್ಮೆ ಮಾಡಿದ ಲೆಕ್ಕದ ಉತ್ತರ ನೆನಪಿಟ್ಟುಕೊಳ್ಳುವ ಸಾಧನ ಅದು. ನಂಪೈ (ಪೈಥಾನ್‌ನ ಗಣಿತದ ಲೈಬ್ರರಿ) ಅರೇ ಕೊಟ್ಟ ಕೂಡಲೇ ಎರರ್. ಟಪಲ್ (ಬದಲಾಯಿಸಲಾಗದ ಪಟ್ಟಿ) ಮಾಡಿ ಕೊಟ್ಟರೂ ಅದು ಉತ್ತರ ಇಟ್ಟುಕೊಳ್ಳುವುದು ರ‍್ಯಾಮ್‌ನಲ್ಲಿ. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದರೆ ಎಲ್ಲ ಮೊದಲಿಂದ.

ಜಾಬ್‌ಲಿಬ್ ಅನ್ನೋ ಪೈಥಾನ್ ಲೈಬ್ರರಿಯ ಮೆಮೊರಿ ಉತ್ತರವನ್ನು ಡಿಸ್ಕಿಗೇ ಬರೆದಿಡುತ್ತದೆ. ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ಇದ್ದರೆ ಇದೂ ಜೊತೆಗೆ ಬಂದಿರುತ್ತದೆ, ದುಡ್ಡು ಕೊಡಬೇಕಿಲ್ಲ. ಫೋಲ್ಡರ್ ಯಾವುದು ಅಂತ ಹೇಳಿ, ಫಂಕ್ಷನ್ ಮೇಲೆ ಒಂದು ಸಾಲು ಸೇರಿಸಿದರೆ ಆಯಿತು. ಅದೇ ಇನ್‌ಪುಟ್ ಮತ್ತೆ ಬಂದರೆ ಲೆಕ್ಕ ಮಾಡದೆ ಫೈಲಿನಿಂದ ಎತ್ತಿಕೊಡುತ್ತದೆ. ಎರಡು ದಿನ ಕರೆಂಟ್ ಇಲ್ಲದೆ, ಮೂರನೇ ದಿನ ಲ್ಯಾಪ್‌ಟಾಪ್ ಆನ್ ಮಾಡಿ ಪ್ರೋಗ್ರಾಂ ಓಡಿಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು, ನಿಜಕ್ಕೂ ಖುಷಿಯಾಯಿತು.

ಒಂದು ಮಾತು ಮಾತ್ರ ನೆನಪಿಡಿ. ಇನ್‌ಪುಟ್ ಹಳೆಯದಾ ಹೊಸದಾ ಅಂತ ತಿಳಿಯಲು ಅದನ್ನು ಪೂರ್ತಿ ಓದಿ ಹ್ಯಾಶ್ (ಬೆರಳಚ್ಚಿನಂಥ ಸಣ್ಣ ಗುರುತು) ಮಾಡುತ್ತದೆ. 5000ಕ್ಕೆ 5000 ಮ್ಯಾಟ್ರಿಕ್ಸ್ ಅಂದರೆ 200 ಎಂಬಿ, ಅದನ್ನೇ ಕೊಟ್ಟರೆ ಸುಮ್ನೆ ಹೊತ್ತು ಹಾಳು. ನಾನು ಜಾಗಗಳ ಅಕ್ಷಾಂಶ, ರೇಖಾಂಶ ಅಷ್ಟೇ ಕೊಟ್ಟು, ಮ್ಯಾಟ್ರಿಕ್ಸ್ ಕಟ್ಟುವುದನ್ನು ಫಂಕ್ಷನ್ ಒಳಗೇ ಇಟ್ಟೆ. ಇನ್ನೊಂದು, ಫಂಕ್ಷನ್ನಿನ ಕೋಡ್ ತಿದ್ದಿದರೆ ಹಳೇ ಉತ್ತರ ಬಿಟ್ಟು ಹೊಸದಾಗಿ ಲೆಕ್ಕ ಮಾಡುತ್ತದೆ, ಆದರೆ ಅದು ಕರೆಯುವ ಬೇರೆ ಫಂಕ್ಷನ್ ತಿದ್ದಿದರೆ ಅದಕ್ಕೆ ಗೊತ್ತಾಗಲ್ಲ. ದೂರ ಅಳೆಯುವ ಫಂಕ್ಷನ್ನಿನಲ್ಲಿ ತಪ್ಪು ಸರಿಪಡಿಸಿದ ಮೇಲೂ ನನಗೆ ಒಂದಿಡೀ ಸಂಜೆ ಹಳೇ ಉತ್ತರವೇ ಬರುತ್ತಿತ್ತು. ಈಗ ಅಂಥದ್ದೇನಾದರೂ ಮುಟ್ಟಿದರೆ ಮೊದಲು ಕ್ಯಾಶ್ ಕ್ಲಿಯರ್ ಮಾಡುತ್ತೇನೆ. ಡಿಸ್ಕ್ ತುಂಬುತ್ತಾ ಹೋದರೂ ತಾನಾಗಿ ಖಾಲಿ ಮಾಡಲ್ಲ, ಅದನ್ನೂ ನಾವೇ ನೋಡಿಕೊಳ್ಳಬೇಕು.

ನೂರಕ್ಕೆ ನೂರರ ಸಣ್ಣ ಮ್ಯಾಟ್ರಿಕ್ಸ್‌ಗೆ ಇದು ಬೇಡ, ಫೈಲ್ ತೆರೆಯುವುದಕ್ಕಿಂತ ಲೆಕ್ಕವೇ ಬೇಗ ಮುಗಿಯುತ್ತದೆ. ನಿಮಿಷಗಟ್ಟಲೆ ಹಿಡಿಯುವ ಲೆಕ್ಕ ಇದ್ದರೆ, ಮಳೆಗಾಲ ಶುರುವಾಗುವ ಮೊದಲೇ ಹಾಕಿಕೊಳ್ಳಿ.