ಐಟಿಪಿಎಲ್‌ನಲ್ಲಿ ಕೆಲಸ, ಮನೆ ಎಲ್ಲಿ? ಕುಂದಲಹಳ್ಳಿ, ಹೂಡಿ, ವಿಜಯನಗರ

ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಐಟಿಪಿಎಲ್ ಕಡೆ ಕೆಲಸ ಸಿಕ್ಕಿ ಒಬ್ಬರೇ ಬೆಂಗಳೂರಿಗೆ ಬರುವ ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಆಫೀಸಿನ ಹತ್ತಿರವೇ ಇರು. ಮೂರು ಕಡೆ ವಾಸ ಮಾಡಿ ನೋಡಿದ ಮೇಲೆ ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಾಗರದಿಂದ ಬಂದ ನಾನು ಪ್ರತಿ ಬಡಾವಣೆಯಲ್ಲೂ ನೋಡಿದ್ದು ಇಷ್ಟೇ: ರಾತ್ರಿ ಒಂಬತ್ತೂವರೆಗೆ ಮೆಟ್ರೊ ಇಳಿದರೆ ಮನೆ ಬಾಗಿಲಿನವರೆಗೆ ಬೀದಿಯಲ್ಲಿ ಯಾರಿರುತ್ತಾರೆ?

ಮೊದಲು ಇದ್ದದ್ದು ಕುಂದಲಹಳ್ಳಿಯ ಎಇಸಿಎಸ್ ಲೇಔಟ್‌ನ ಪಿಜಿಯಲ್ಲಿ. ಅಲ್ಲಿ ಬೀದಿ ಬೇಗ ಮಲಗುವುದಿಲ್ಲ. ತಿಂಡಿ ಅಂಗಡಿ, ಔಷಧ ಅಂಗಡಿ, ನಮ್ಮದೇ ವಯಸ್ಸಿನವರ ಓಡಾಟ ತಡರಾತ್ರಿಯವರೆಗೂ ಇರುತ್ತದೆ. ಆದರೆ ಮೆಟ್ರೊ ನಿಲ್ದಾಣದಿಂದ ನಡೆಯಲು ದೂರ, ಆಟೊ ಬೇಕೇ ಬೇಕು. ಮೇಲಾಗಿ ಪಿಜಿಯಲ್ಲಿ ಜನ ತಿಂಗಳು ತಿಂಗಳಿಗೂ ಬದಲಾಗುತ್ತಾರೆ, ಮೆಟ್ಟಿಲಲ್ಲಿ ಎದುರಾದವರು ಒಳಗಿನವರೋ ಹೊರಗಿನವರೋ ತಿಳಿಯುವುದಿಲ್ಲ. ಪಿಜಿಗಳಲ್ಲಿ ಸಿಸಿಟಿವಿ ಇರಬೇಕು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ ಕೊಡಬೇಕು ಎಂದು ಆಗಿನ ನಗರ ಪಾಲಿಕೆ ಬಿಬಿಎಂಪಿ 2024ರಲ್ಲಿ ಸೂಚಿಸಿತ್ತು. ನಾನಿದ್ದ ಕಡೆ ಕ್ಯಾಮೆರಾ ಗೋಡೆಯ ಮೇಲಿತ್ತು, ಪರದೆಯಲ್ಲಿ ಚಿತ್ರ ಬರುತ್ತಿರಲಿಲ್ಲ. ಆದ್ದರಿಂದ ಮುಂಗಡ ಕೊಡುವ ಮುನ್ನ ನಿನ್ನೆ ರಾತ್ರಿಯ ದೃಶ್ಯ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ.

ಹೂಡಿಯಲ್ಲಿ ಬಾಡಿಗೆಗೆ ಹಿಡಿದದ್ದು ಹೊಸ ಕಟ್ಟಡದ ಒಂದು ಕೋಣೆ. ಗಾಳಿ, ಬೆಳಕು, ಗಟ್ಟಿ ಬೀಗ ಎಲ್ಲವೂ ಚೆನ್ನ. ನನ್ನ ಅಡ್ಡರಸ್ತೆಯಲ್ಲಿ ಮಾತ್ರ ಎರಡು ಬದಿಗೂ ಖಾಲಿ ನಿವೇಶನಗಳಿದ್ದವು, ಬೀದಿದೀಪ ಉರಿದರೆ ಉರಿಯಿತು. ಬೇಗ ಬಿಟ್ಟೆ.

ಕೊನೆಗೆ ನೆಲೆ ನಿಂತದ್ದು ಊರಿನ ಇನ್ನೊಂದು ತುದಿಯ ವಿಜಯನಗರದಲ್ಲಿ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಮೆಟ್ರೊ ತುಂಡು 2023ರ ಅಕ್ಟೋಬರ್‌ನಲ್ಲಿ ಕೂಡಿಕೊಂಡ ಮೇಲೆ ನೇರಳೆ ಮಾರ್ಗದಲ್ಲಿ ಎಲ್ಲೂ ರೈಲು ಬದಲಿಸದೆ ಐಟಿಪಿಎಲ್ ಬಳಿಯ ಪಟ್ಟಂದೂರು ಅಗ್ರಹಾರ ನಿಲ್ದಾಣಕ್ಕೆ ಹೋಗಬಹುದು. ಸುಮಾರು ಒಂದು ಗಂಟೆಯ ಪ್ರಯಾಣ. ಖರ್ಚೂ ಕಡಿಮೆಯಲ್ಲ: 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ್ದು ನಮ್ಮಂಥ ದೂರದ ಪ್ರಯಾಣಿಕರಿಗೇ ಹೆಚ್ಚು ತಟ್ಟಿತು. ಆದರೂ ಇಳಿದ ಮೇಲಿನ ದಾರಿ ನೋಡಿ. ಹೂವಿನವರು, ತರಕಾರಿಯವರು, ಬಸ್ಸಿಗೆ ಕಾಯುವವರು. ಅದನ್ನು ದಾಟಿದರೆ ಜಗಲಿಯಲ್ಲಿ ಕುಳಿತ ಹಿರಿಯರು. ಎಷ್ಟೋ ವರ್ಷದಿಂದ ಒಂದೇ ಮನೆಯಲ್ಲಿರುವವರಿಗೆ ಬೀದಿಗೆ ಹೊಸಬರು ಬಂದರೆ ಕೂಡಲೇ ಗೊತ್ತಾಗುತ್ತದೆ. ಅವರ ಆ ಕಣ್ಣು ನನಗೆ ಯಾವ ಕ್ಯಾಮೆರಾಗಿಂತಲೂ ಹೆಚ್ಚಿನ ಧೈರ್ಯ ಕೊಟ್ಟಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂಟಿ ಹುಡುಗಿ ಎಂದೊಡನೆ ಕೆಲವು ಮಾಲೀಕರು ಮನೆ ಇಲ್ಲ ಎಂದುಬಿಡುತ್ತಾರೆ. ಕೊಡುವವರೂ ಜಾತಿ, ಊಟ, ಮದುವೆ, ಎಲ್ಲವನ್ನೂ ಕೇಳುತ್ತಾರೆ. ಈ ವಿಚಾರಣೆ ನನಗೆ ಸಿಟ್ಟು ತರಿಸುತ್ತದೆ, ಬಾಡಿಗೆ ಕಟ್ಟುವವಳ ಜಾತಿ ಯಾರಿಗೂ ಬೇಕಿಲ್ಲ. ನಮ್ಮ ಮನೆ ಮಾಲೀಕರಾದ ಅಮ್ಮ ಕೇಳುವುದು ಒಂದೇ, “ಇವತ್ತು ತಡವಾಗುತ್ತದೆಯೇನಮ್ಮಾ?” ಎಂದು. ಅದರಲ್ಲಿ ನನಗೆ ಕಾವಲಿನ ವಾಸನೆ ಬಂದಿಲ್ಲ. ಅಂಥವರು ಸಿಗುವವರೆಗೆ ಹುಡುಕಬೇಕು.

ರಾತ್ರಿ ಪಾಳಿಯವರಿಗೆ ಮಾತ್ರ ನನ್ನ ಆಯ್ಕೆ ಒಪ್ಪುವುದಿಲ್ಲ. ತಡರಾತ್ರಿ ಮೆಟ್ರೊ ನಿಂತಿರುತ್ತದೆ. ರಾತ್ರಿ ದುಡಿಯುವ ಮಹಿಳೆಯರಿಗೆ ಕಂಪನಿಯೇ ವಾಹನ ಒದಗಿಸಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಕ್ಯಾಬ್ ಬಾಗಿಲಿಗೇ ಬಿಡುವುದಾದರೆ ಪ್ರಯಾಣ ಚಿಕ್ಕದಿದ್ದಷ್ಟೂ ಒಳ್ಳೆಯದು, ಅವರು ಕುಂದಲಹಳ್ಳಿಯಲ್ಲೇ ಇರಲಿ. ಅಡ್ಡರಸ್ತೆಯ ತಿರುವಿನಲ್ಲಲ್ಲ, ಗೇಟಿನ ಎದುರಿಗೇ ಇಳಿಸುತ್ತಾರೆಯೇ ಎಂದು ಕೆಲಸಕ್ಕೆ ಸೇರುವಾಗಲೇ ಕೇಳಿಕೊಳ್ಳಲಿ.