ಎರಡು ಮಾನಗಳಲ್ಲಿ ಜ್ವರ ತೋರಿಸುವ ಡಿಜಿಟಲ್ ಥರ್ಮಾಮೀಟರ್

ರಾಯಚೂರಿನ ಔಷಧಿ ಅಂಗಡಿಯೊಂದರಲ್ಲಿ ಕೊಂಡ ಈ ಥರ್ಮಾಮೀಟರನ್ನು, ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದು, ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಬದಲಿಸಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಬಿಸಿಲನ್ನು ಸೆಲ್ಸಿಯಸ್‌ನಲ್ಲಿಯೂ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿಯೂ ಹೇಳುವ ರೂಢಿಯಿರುವುದರಿಂದ ಈ ಸೌಲಭ್ಯ ನಿಜಕ್ಕೂ ಉಪಯುಕ್ತ: 38 ಡಿಗ್ರಿಯನ್ನು 1.8ರಿಂದ ಗುಣಿಸಿ 32 ಕೂಡಿಸುತ್ತ ಕೂರದೆ, ನೇರವಾಗಿ 100.4 ಎಂದೇ ಓದಿ ಅಜ್ಜಿಗೆ ಹೇಳಬಹುದು.

ಆದರೆ ಯಾವ ಮಾನವೆಂಬ ಗುರುತನ್ನು ಪರದೆಯ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಚಿಕ್ಕದಾಗಿ ಮೂಡಿಸಿರುವುದು ದೊಡ್ಡ ಕೊರತೆ. ವಯಸ್ಸಾದವರಿಗೆ ಅದು ಕಾಣುವುದೇ ಇಲ್ಲ. ಕೋಣೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಬಳಸಬಾರದೆಂಬ ಸೂಚನೆಯೂ ಇಂಗ್ಲಿಷಿನಲ್ಲಿ ಮಾತ್ರ ಇದೆ. ಬೇಸಿಗೆಯಲ್ಲಿ ಆ ಮಿತಿ ದಾಟುವ ನಮ್ಮ ಊರಿನಲ್ಲಿ ಇದು ಕನ್ನಡದಲ್ಲಿ ಇರಲೇಬೇಕಿತ್ತು. ಕೊಳ್ಳುವವರು ಮಧ್ಯಾಹ್ನದ ಹೊತ್ತು ತಂಪಾದ ಒಳಕೋಣೆಯಲ್ಲಿಯೇ ಜ್ವರ ನೋಡುವುದು ಒಳ್ಳೆಯದು.